ತಮ್ಮನ ಹೆಸರಿನ ಪುಟ

ಕನ್ನಡಕದಂಗಡಿಯ ಅಕ್ಕನದು ಒಂದೇ ಹಟ. ತಮ್ಮ ಎಲ್ಲೇ ಇರಲಿ, ಒಂದಲ್ಲ ಒಂದು ದಿನ ಫೋನಿನಲ್ಲಿ ತನ್ನ ಹೆಸರನ್ನು ತಾನೇ ಬರೆದು ಹುಡುಕುತ್ತಾನೆ, ಆಗ ಎಲ್ಲಕ್ಕಿಂತ ಮೊದಲು ಅವನ ಕಣ್ಣಿಗೆ ಬೀಳುವುದು ಅವಳ ಪುಟವೇ ಆಗಿರಬೇಕು. ತನ್ನ ಹೆಸರನ್ನು ಹಾಗೆ ಹುಡುಕಿ ನೋಡಿಕೊಳ್ಳದ ಮನುಷ್ಯ ಯಾರಿದ್ದಾನೆ? ನೀವೂ ನೋಡಿಕೊಂಡಿರುತ್ತೀರಿ, ಸುಮ್ಮನೆ ಇಲ್ಲ ಅನ್ನಬೇಡಿ.

ತಮ್ಮ ಮನೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಇದ್ದ ಕೆಲಸ ಬಿಟ್ಟು ಬಂದು ಕೂತವನನ್ನು ಅಮ್ಮ ನೆಂಟರ ಮುಂದೆ ದಂಡಪಿಂಡ ಅಂದುಬಿಟ್ಟಿದ್ದಳು. ಅವನು ನಾಲ್ಕು ಅಂಗಿ ಚೀಲಕ್ಕೆ ತುರುಕಿಕೊಂಡು, "ನನ್ನನ್ನ ಯಾರೂ ಹುಡುಕಬೇಡಿ" ಎಂದು ಹೊರಟ. ಸಿಟ್ಟಿನ ಮಾತು, ಅದನ್ನು ಯಾರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ? ಈಗ ಅಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅಂಗಡಿಯ ಬಾಗಿಲು ಕಿರ್ ಅಂದರೆ ಸಾಕು, "ಯಾರೇ ಅದು?" ಎಂದು ಕೂಗುತ್ತಿದ್ದಳು. ಯಾರೂ ಅಲ್ಲ, ಗಿರಾಕಿ ಎಂದು ಹೇಳಿ ಹೇಳಿ ಮಗಳಿಗೆ ಸಾಕಾಗಿತ್ತು.

ಪುಟ ಮಾಡಿಕೊಟ್ಟವಳು ನಾದಿನಿ. ಅಂಗಡಿ, ಹೋಟೆಲುಗಳಿಗೆ ವೆಬ್‌ಸೈಟ್ ಮಾಡಿಕೊಡುವುದೇ ಅವಳ ಕಸುಬು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ತಮ್ಮನ ಫೋಟೊ, ಪೂರ್ತಿ ಹೆಸರು, ಅಂಗಡಿಯ ನಂಬರು ಎಲ್ಲ ಸೇರಿಸಿ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದಳು. ಆದರೆ ಹುಡುಕಿದರೆ ಪುಟದ ಸುಳಿವೇ ಇಲ್ಲ. ಅದೇ ಹೆಸರಿನ ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಇಟ್ಟಿಗೆ ವ್ಯಾಪಾರಿ, ಯಾವನೋ ಈಜುಗಾರ, ಎಲ್ಲರೂ ಸಾಲಾಗಿ ಬಂದರು. ತಮ್ಮ ಬರಲಿಲ್ಲ.

"ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೀಯಲ್ಲೇ, ಯಾಕೆ ಕಾಣಿಸಲ್ಲ?" ಎಂದಳು ಅಕ್ಕ.

"ಅತ್ತಿಗೆ, ನಮ್ಮ ಅಂಗಡಿ ಒಳ್ಳೇದು ಅಂತ ನೀವೇ ಬೀದೀಲಿ ನಿಂತು ಕೂಗಿದ್ರೆ ಯಾರು ನಂಬ್ತಾರೆ? ಪಕ್ಕದ ಬೇಕರಿಯವನು ಅಲ್ಲಿಗೆ ಹೋಗಿ ಅಂತ ಕೈ ತೋರಿಸಿದ್ರೆ ನಂಬ್ತಾರೆ. ಸರ್ಚ್ ಎಂಜಿನ್ನಿಗೂ ಅದೇ ಬುದ್ಧಿ. ಬೇರೆ ಸೈಟಿನೋರು ನಿಮ್ಮ ಪುಟಕ್ಕೆ ಲಿಂಕ್ ಕೊಡಬೇಕು. ಯಾರೋ ದಾರೀಲಿ ಹೋಗೋನು ಕೊಟ್ರೆ ಆಗಲ್ಲ, ಮರ್ಯಾದೆ ಇರೋ ಸೈಟಾಗಿರಬೇಕು. ಲಿಂಕಿನ ಮೇಲೆ ನಿಮ್ಮ ತಮ್ಮನ ಪೂರ್ತಿ ಹೆಸರೇ ಇರಬೇಕು."

ಅಂದಿನಿಂದ ಅಕ್ಕ ಹೊಸ ಪದ್ಧತಿ ಶುರು ಮಾಡಿದಳು. ಸಡಿಲವಾದ ತಿರುಪು ಬಿಗಿ ಮಾಡುವುದು, ಡೊಂಕಾದ ಕಡ್ಡಿ ನೆಟ್ಟಗೆ ಮಾಡುವುದು, ಇಂಥ ಚಿಲ್ಲರೆ ಕೆಲಸವೆಲ್ಲ ಪುಕ್ಕಟೆ. ಮುಗಿದ ಮೇಲೆ ಕನ್ನಡಕವನ್ನು ಕೈಯಲ್ಲೇ ಹಿಡಿದುಕೊಂಡು, "ನಿಮ್ಮದೊಂದು ಸೈಟ್ ಇದೆಯಾ?" ಎಂದು ಕೇಳುವಳು. ಗಿರಾಕಿಗೆ ಎದುರಿನ ಗೋಡೆಯೂ ಸರಿಯಾಗಿ ಕಾಣದ ಹೊತ್ತು ಅದು. ಆ ಸ್ಥಿತಿಯಲ್ಲಿ ಇಲ್ಲ ಅನ್ನುವ ಧೈರ್ಯ ಯಾರಿಗೆ ಬಂದೀತು? ಬೇಕರಿಯವನು ಲಿಂಕ್ ಹಾಕಿದ, ಈಜುಕೊಳದವರು ಹಾಕಿದರು, ನಾಯಿ ಡಾಕ್ಟರಮ್ಮ ಹಾಕಿದಳು. ಪುಟ ಒಂದಿಷ್ಟು ಮೇಲೆ ಬಂದು ಇಟ್ಟಿಗೆ ವ್ಯಾಪಾರಿಯ ಕೆಳಗೆ ಮುಷ್ಕರ ಹೂಡಿದಂತೆ ಕೂತುಬಿಟ್ಟಿತು.

ಆಗ ಸಿಕ್ಕಿದವನು ಪತ್ರಿಕೆಯವನು. ಓದುವ ಕನ್ನಡಕದ ಮೂಗುಪಟ್ಟಿ ಮುರಿದುಕೊಂಡು ಬಂದಿದ್ದ. ಅಕ್ಕ ಕಥೆಯನ್ನೆಲ್ಲ ಹೇಳಿದಳು.

"ಜಗಳ ಆಡಿ ಹೋದೋನ ಸುದ್ದಿ ಸುದ್ದಿನೇ ಅಲ್ಲಮ್ಮ. ಅಂಥೋರು ಮನೆಗೊಬ್ಬರಿದ್ದಾರೆ. ಏನಾದ್ರೂ ಕಾಯಿಲೆ ಗೀಯಿಲೆ ಇತ್ತಾ?"

ಅಕ್ಕ ಮುರಿದ ಮೂಗುಪಟ್ಟಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಆಮೇಲೆ, "ತಲೆ ಸರಿ ಇರಲಿಲ್ಲ. ಒಬ್ಬೊಬ್ಬನೇ ಮಾತಾಡ್ಕೊಳ್ತಿದ್ದ" ಎಂದಳು.

ಒಬ್ಬೊಬ್ಬನೇ ಮಾತಾಡಿಕೊಳ್ಳುತ್ತಿದ್ದದ್ದು ನಿಜ. ಲೆಕ್ಕ ಹಾಕುವಾಗ ಅವಳೂ ಮಾತಾಡಿಕೊಳ್ಳುತ್ತಾಳೆ. ಆದರೆ ಪತ್ರಿಕೆಯವನ ಮುಖ ಅರಳಿತು. ಮರುದಿನವೇ ಅವರ ಸೈಟಿನಲ್ಲಿ ಸುದ್ದಿ ಬಂತು: ಮಾನಸಿಕ ಅಸ್ವಸ್ಥ ತಮ್ಮನಿಗಾಗಿ ಅಕ್ಕನ ಹುಡುಕಾಟ. ತನ್ನ ಪುಟದಲ್ಲೂ ಹಾಗೇ ಬರೆ ಎಂದು ಅಕ್ಕ ನಾದಿನಿಗೆ ಹೇಳಿದಳು.

"ಇದು ನಿಜಾನಾ ಅತ್ತಿಗೆ?"

"ಬರಿಯೇ ಸುಮ್ಮನೆ. ಅವನು ಬಂದ ಮೇಲೆ ಅಳಿಸಿದರಾಯ್ತು."

ನಾದಿನಿ ಮೂಗು ಮುರಿದಳು, ಆದರೂ ಬರೆದಳು. ಅಲ್ಲಿಂದ ಮುಂದೆ ಅಕ್ಕ ಯಾರ ಕನ್ನಡಕವನ್ನೂ ಹಿಡಿದಿಟ್ಟುಕೊಳ್ಳಬೇಕಾಗಲಿಲ್ಲ. ಒಂದು ಪತ್ರಿಕೆ ನೋಡಿ ಇನ್ನೊಂದು ಬರೆಯಿತು, ಅದನ್ನು ನಕಲು ಮಾಡಿ ಹತ್ತಾರು ಸೈಟಿನವರು ಹಾಕಿದರು, ಎಲ್ಲರೂ ಅವಳ ಪುಟಕ್ಕೆ ಲಿಂಕ್ ಕೊಟ್ಟರು. ಇಟ್ಟಿಗೆ ವ್ಯಾಪಾರಿ ಹಿಂದೆ ಬಿದ್ದ, ಹಲ್ಲಿನ ಡಾಕ್ಟರೂ ಹಿಂದೆ ಬಿದ್ದ. ತಮ್ಮನ ಹೆಸರು ಬರೆದರೆ ಮೊದಲ ಸಾಲಿನಲ್ಲಿ ತಮ್ಮನೇ. ಅಕ್ಕ ಅಮ್ಮನಿಗೆ ಫೋನು ತೋರಿಸಿದಳು. ಅಮ್ಮ ಆ ಫೋಟೊದ ಮೇಲೆ ಬೆರಳಾಡಿಸಿ ಕಣ್ಣು ಒರೆಸಿಕೊಂಡಳು.

ಫೋನು ಬಂದಾಗ ಅಕ್ಕ ಒಬ್ಬ ಮುದುಕನಿಗೆ ಅಕ್ಷರದ ಹಲಗೆ ತೋರಿಸುತ್ತಿದ್ದಳು. ಪರದೆಯ ಮೇಲೆ ನಂಬರು ಕಾಣಲಿಲ್ಲ.

"ಅಕ್ಕ."

ಅವಳು ಮುದುಕನಿಗೆ ಬೆನ್ನು ಹಾಕಿ ನಿಂತಳು.

"ನಾನು ಯಾವಾಗ ಹುಚ್ಚ ಆದೆ ಅಕ್ಕ?"

"ಅಯ್ಯೋ, ಅದು ಹಾಗಲ್ಲ ಕಣೋ…"

"ಶಾಲೆ ವ್ಯಾನ್ ಓಡಿಸ್ತಿದ್ದೆ. ಮಕ್ಕಳು ನನ್ನ ಹೆಗಲ ಮೇಲೆ ಜೋತು ಬೀಳ್ತಿದ್ವು. ಯಾರೋ ಮಗುವಿನ ತಾಯಿ ನನ್ನ ಹೆಸರು ಹುಡುಕಿದಾಳೆ. ಹುಚ್ಚನ ಕೈಗೆ ಮಕ್ಕಳನ್ನ ಕೊಡ್ತೀರಾ ಅಂತ ಎಲ್ಲಾ ಸೇರಿ ಗಲಾಟೆ ಮಾಡಿದ್ರು. ನಿಂತ ಕಾಲಲ್ಲೇ ಕೀಲಿ ಇಸ್ಕೊಂಡು ಕಳಿಸಿದ್ರು. ಹೋದ ಕಡೆಯೆಲ್ಲ ಈಗ ಅದನ್ನೇ ತೋರಿಸ್ತಾರೆ."

"ಅಮ್ಮ ಒಳಗಿದಾಳೆ, ಒಂದೇ ಒಂದು ಮಾತು…"

"ಮೊದಲು ಅದನ್ನ ತೆಗಿ."

ಫೋನು ಕಟ್ಟಾಯಿತು. ಒಳಗಿನಿಂದ ಅಮ್ಮ, "ಯಾರೇ ಅದು?" ಎಂದಳು. ರಾಂಗ್ ನಂಬರ್ ಎಂದಳು ಅಕ್ಕ. ಅಕ್ಷರ ಓದುತ್ತಿದ್ದ ಮುದುಕ ತಾನು ಸರಿ ಓದಿದೆನೋ ಇಲ್ಲವೋ ತಿಳಿಯದೆ ಬಾಯಿ ಬಿಟ್ಟುಕೊಂಡು ಕೂತಿದ್ದ.

ಅಕ್ಕ ಯಾರನ್ನೂ ಕೇಳದೆ, ಒಂದು ಗಳಿಗೆಯೂ ನಿಲ್ಲದೆ, ನಾದಿನಿ ಹೇಳಿಕೊಟ್ಟಿದ್ದ ಗುಂಡಿ ಒತ್ತಿ ಪುಟವನ್ನು ಪೂರ್ತಿ ಅಳಿಸಿಬಿಟ್ಟಳು. ಆಮೇಲೆ ಲಿಂಕ್ ಹಾಕಿದವರನ್ನೆಲ್ಲ ತೆಗೆಯಿರಿ ಎಂದು ಬೇಡಿಕೊಂಡಳು. ನಾಯಿ ಡಾಕ್ಟರಮ್ಮ ಪುಣ್ಯಾತ್ಮಳು, ಅವತ್ತೇ ತೆಗೆದಳು. ಬೇಕರಿಯವನೂ ತೆಗೆದ. ಪತ್ರಿಕೆಯವನು ಕೆಲಸ ಬದಲಾಯಿಸಿದ್ದ. ಅವನ ಜಾಗದಲ್ಲಿ ಕೂತವಳು, ಒಮ್ಮೆ ಬಂದ ಸುದ್ದಿಯನ್ನು ತೆಗೆಯುವ ಪದ್ಧತಿ ತಮ್ಮಲ್ಲಿಲ್ಲ ಎಂದು ಕೈ ತೊಳೆದುಕೊಂಡಳು. ನಕಲು ಹೊಡೆದ ಸೈಟಿನವರಿಗೆ ಬರೆದರೆ ಉತ್ತರವೇ ಇಲ್ಲ. ಅವರು ಯಾರು, ಎಲ್ಲಿಯವರು ಎಂಬುದೂ ಗೊತ್ತಿಲ್ಲ. ಈಗ ಹೆಸರು ಬರೆದರೆ ಮೊದಲು ಬರುವುದು ಪತ್ರಿಕೆಯ ಸುದ್ದಿ, ಅದರ ಕೆಳಗೆ ಅದರದೇ ಮರಿಗಳು.

ನಾದಿನಿ ತಲೆ ಮೇಲೆ ಕೈ ಹೊತ್ತು ಕೂತಳು. "ನನ್ನ ಒಂದು ಮಾತು ಕೇಳಬಾರದಿತ್ತಾ ಅತ್ತಿಗೆ? ಮೊದಲನೇ ಜಾಗ ನಮ್ಮದೇ ಇತ್ತು. ಅಲ್ಲೇ ಇದೆಲ್ಲ ಸುಳ್ಳು ಅಂತ ಬರೀಬಹುದಿತ್ತು. ಈಗ ಮೇಲಿಂದ ಕೆಳಗಿನತನಕ ಅವರದೇ ಮಾತು. ತಡೀರಿ, ಮತ್ತೆ ಹಾಕೋಣ."

"ತೆಗಿ ಅಂದೋನು ಮತ್ತೆ ಅದನ್ನ ನೋಡಿದ್ರೆ ನನ್ನನ್ನ ಈ ಜನ್ಮದಲ್ಲಿ ನಂಬ್ತಾನಾ?"

ಅವನನ್ನೇ ಕೇಳೋಣವೆಂದರೆ ನಂಬರಿಲ್ಲ.

ಎರಡನೇ ಸಲ ಅವನು ಫೋನು ಮಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ನಂದು ತೆಗೆದೆ ಕಣೋ. ಉಳಿದೋರು ಕೇಳ್ತಿಲ್ಲ. ನಾನು ಬಿಡಲ್ಲ, ಒಬ್ಬೊಬ್ಬರನ್ನೇ ಹಿಡಿದು…"

"ಬೇಡ ಬಿಡು ಅಕ್ಕ, ಸುಮ್ಮನೆ ಯಾಕೆ ಒದ್ದಾಡ್ತೀಯ. ಕಾಗದಪತ್ರದಲ್ಲೆಲ್ಲ ಹೆಸರು ಬದಲಾಯಿಸ್ಕೊಂಡೆ. ಹೊಸ ಹೆಸರು ಹುಡುಕಿದ್ರೆ ಏನೂ ಬರಲ್ಲ. ಒಂದು ಕಡೆ ಕೆಲಸಕ್ಕೂ ಕರೆದಿದ್ದಾರೆ."

"ಏನು ಹೆಸರೋ?"

ಆ ಕಡೆ ಬಸ್ಸೊಂದು ಹೋದ ಸದ್ದು ಕೇಳಿಸಿತು.

"ಹೇಳಲ್ಲ. ಹೇಳಿದ್ರೆ ನೀನು ಸುಮ್ಮನಿರೋಳಲ್ಲ. ಅಮ್ಮನ್ನ ಚೆನ್ನಾಗಿ ನೋಡ್ಕೋ."

ಅಕ್ಕ ಸದ್ದಿಲ್ಲದ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದಳು. ಒಳಗಿನಿಂದ ಈ ಸಲ ಯಾರೇ ಅದು ಎಂಬ ಕೂಗು ಬರಲಿಲ್ಲ.

"ಅವನೇ ಅಲ್ವೇನೇ?" ಎಂದಳು ಅಮ್ಮ.

ಅಕ್ಕ ಹೋಗಿ ಮಂಚದ ಅಂಚಿನಲ್ಲಿ ಕೂತು, ಪತ್ರಿಕೆಯವನಿಗೆ ತಾನು ಹೇಳಿದ ಸುಳ್ಳನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಹೊದಿಕೆಯ ನೂಲನ್ನು ಒಂದೊಂದಾಗಿ ಕೀಳತೊಡಗಿದಳು.

"ಅಲ್ಲಿ ಅವನನ್ನ ಏನಂತ ಕರೀತಾರಂತೆ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ" ಎಂದಳು ಅಕ್ಕ.