ಬಾಗಿಲು ಹೊತ್ತ ಕಳ್ಳ

ಕಂಪೌಂಡರ್ ಜೋಕ್ ಹೇಳಿದರೆ ಕೇಳಿದವರು ಸಂತಾಪ ಸೂಚಿಸುತ್ತಿದ್ದರು. ಬಂಡೆ ಹತ್ತುವ ಬಳಗದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಕೆಳಗೆ ನಿಂತು ಹಗ್ಗ ಹಿಡಿಯುವುದರಲ್ಲಿ ಅವನದು ಎತ್ತಿದ ಕೈ, ಬಾಯಿ ತೆರೆದರೆ ಮಾತ್ರ ದೇವರೇ ಗತಿ. ಅಂಥವನ ತಲೆಗೆ ಉಡಣ್ಣ ಸಾಯುವ ಮುಂಚೆ ಒಂದು ಕೆಲಸ ಕಟ್ಟಿ ಹೋಗಿದ್ದ. ತನ್ನ ನೆನಪಿನ ಸಭೆಯಲ್ಲಿ ಭಾಷಣ ಗೀಷಣ ಕೂಡದು, ಕಂಪೌಂಡರ್ ಎದ್ದು ನಿಂತು ಬಾಗಿಲು ಹೊತ್ತ ಕಳ್ಳನ ಕತೆ ಹೇಳಬೇಕು, ಪೂರ್ತಿ ಹೇಳಬೇಕು.

ಸಭೆ ಇವತ್ತು ಸಂಜೆ. ಕತೆಯ ಕೊನೆ ಕಂಪೌಂಡರಿಗೆ ಗೊತ್ತಿಲ್ಲ.

ಉಡಣ್ಣ ಅನ್ನುವುದು ಹುಟ್ಟು ಹೆಸರಲ್ಲ, ನೋಡಿ. ಬಸ್ ಡಿಪೋದಲ್ಲಿ ಟೈರ್ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಅವನ ಬೆರಳುಗಳು ಬೇರಿನ ಹಾಗೆ ಗಟ್ಟಿಯಾಗಿದ್ದವು. ಬಂಡೆಯಲ್ಲಿ ಉಗುರು ತೂರುವಷ್ಟು ಬಿರುಕು ಇದ್ದರೆ ಸಾಕು, ಹಿಡಿದನೆಂದರೆ ಉಡದ ಹಿಡಿತ. ಅದಕ್ಕೇ ಆ ಹೆಸರು. ಯಾರಾದರೂ ಮರ್ಯಾದೆಯಿಂದ ‘ನೀವು’ ಅಂದರೆ ಹಿಂದೆ ತಿರುಗಿ, ಇನ್ನೊಬ್ಬ ಯಾರಪ್ಪಾ ಬಂದ ಅಂತ ನೋಡುತ್ತಿದ್ದ. ಹೊಸಬರು, ಹೇಗೆ ಹಿಡೀಬೇಕು ಅಣ್ಣಾ ಅಂತ ಕೇಳಿದರೆ, “ರಶ್ಶಿರೋ ಬಸ್ಸಲ್ಲಿ ಸೀಟು ಹಿಡೀತೀರಲ್ಲ, ಹಾಗೆ. ನಾಚಿಕೆ ಬಿಟ್ಟು” ಅನ್ನುತ್ತಿದ್ದ. ಒಂದು ಸಲ ಜಾರಿ, ತಲೆಕೆಳಗಾಗಿ ಹಗ್ಗದಲ್ಲಿ ನೇತಾಡುತ್ತಿದ್ದಾಗ ಕೆಳಗಿದ್ದ ಕಂಪೌಂಡರಿಗೆ ಜೀವವೇ ಬಾಯಿಗೆ ಬಂದಿತ್ತು. ಮೇಲಿಂದ ಬಂದದ್ದು ಇಷ್ಟೇ: “ಲೇ, ಇಲ್ಲಿಂದ ನಿನ್ನ ಬೋಳುತಲೆ ಎಷ್ಟು ಲಕ್ಷಣವಾಗಿ ಕಾಣ್ತದೋ! ಸ್ವಲ್ಪ ಹೊತ್ತು ಹೀಗೇ ಬಿಡು.”

ಆ ಬಂಡೆಗೆ ನಡುನಡುವೆ ಮೂರು ಕಡೆ ಕೂರುವಷ್ಟು ಜಾಗ ಇತ್ತು. ಬಳಗದವರು ಅದಕ್ಕೆ ಕಟ್ಟೆ ಅನ್ನುತ್ತಿದ್ದರು. ಉಡಣ್ಣ ಪ್ರತಿ ಕಟ್ಟೆಯಲ್ಲೂ ಕೂತು ದಣಿವಾರಿಸಿಕೊಳ್ಳುತ್ತ ಒಂದು ಕತೆಯ ಒಂದೊಂದು ತುಂಡು ಹೇಳುತ್ತಿದ್ದ. ಕೆಳಗೆ ಹಗ್ಗ ಹಿಡಿದ ಕಂಪೌಂಡರ್ ಕಡೆಗೆ ಹತ್ತಿ ಬರುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಕೊನೆಯ ತುಂಡು ಮಾತ್ರ ಬಂಡೆಯ ತುದಿಯಲ್ಲಿ. ಎಷ್ಟೋ ಜನ, ಕೈ ನಡುಗಿ ಇಳಿದುಬಿಡೋಣ ಅಂದುಕೊಂಡವರು, ಆ ಹಾಳು ಕತೆಯ ಚಪಲಕ್ಕೇ ಹಲ್ಲು ಕಚ್ಚಿಕೊಂಡು ಹತ್ತಿದ್ದುಂಟು.

ಹತ್ತಿದ ಮೇಲೆ ಸಿಗುತ್ತಿದ್ದದ್ದೇನು? ಉಡಣ್ಣ ಬೆವರು ಒರೆಸಿಕೊಂಡು, ಕಾಲು ಚಾಚಿ, “ಕೊನೆ ನಿಮ್ಮ ಅತ್ತಿಗೆ ಹತ್ರ ಇದೆ. ಮನೇಲಿ ಅವಳಿಗೆ ಮೊದಲೇ ಹೇಳಿದೀನಿ. ಗಂಡಸಾಗಿದ್ರೆ ಹೋಗಿ ಕೇಳ್ರಪ್ಪಾ!” ಅನ್ನುತ್ತಿದ್ದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾಕೆಂದರೆ ಅತ್ತಿಗೆಯನ್ನು ಕೇಳುವುದಕ್ಕಿಂತ ಆ ಬಂಡೆಯನ್ನು ಬರಿಗೈಲಿ ಹತ್ತುವುದು ವಾಸಿ. ಬಂಡೆ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗಂಡನನ್ನು ಕರೆಯಲು ಹೋದವರಿಗೆ ಗೇಟಿನಲ್ಲೇ, “ಕರ್ಕೊಂಡು ಹೋಗ್ತೀರಲ್ಲ, ಇದೇ ಥರ ಇಡಿಯಾಗಿ ವಾಪಸ್ ತಂದುಬಿಡಿ” ಅನ್ನುತ್ತಿದ್ದರು. ಆ ದನಿಗೆ ಯಾರೂ ಎದುರಾಡಿದವರಿಲ್ಲ. ತುದಿ ಮುಟ್ಟಿದವರು ಕೆಳಗೆ ಬಂದು ಗುಟ್ಟು ಬಿಡುತ್ತಿರಲಿಲ್ಲ. ಹೊಸಬರೂ ಹತ್ತಿ ಬೆಪ್ಪಾಗಲಿ ಅಂತ.

ಬಾಗಿಲ ಕಳ್ಳನ ಕತೆ ಅವನು ಕಟ್ಟಿದ ಕೊನೆಯ ಕತೆ. ಮೂರನೇ ಕಟ್ಟೆಯ ತುಂಡು ಹೇಳಿ ಮುಗಿಸುವಷ್ಟರಲ್ಲಿ ಉಸಿರು ಸಿಕ್ಕದೆ ಮುಖ ನೀಲಿಗಟ್ಟಿತು. ಕಂಪೌಂಡರ್ ಮೆಲ್ಲಗೆ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ, ಹಗ್ಗ ಬಿಟ್ಟು ಬಿಟ್ಟು ಅವನನ್ನು ಇಳಿಸಿದ. ಮುಂದೆ ಅವನು ಬಂಡೆಗೆ ಬರಲೇ ಇಲ್ಲ.

ಆಸ್ಪತ್ರೆಯಲ್ಲಿ ರಿಪೋರ್ಟು ನೋಡಿದಾಗಲೇ ಕಂಪೌಂಡರಿಗೆ ಗೊತ್ತಾಯಿತು. ದಿನಾ ಔಷಧಿ ಕಟ್ಟಿ ಕೊಡುವವನಿಗೆ ಯಾವ ಔಷಧಿಯನ್ನು ಯಾತಕ್ಕೆ ಬರೆಯುತ್ತಾರೆ, ಯಾವಾಗ ಬರೆಯುವುದನ್ನೇ ನಿಲ್ಲಿಸುತ್ತಾರೆ ಅನ್ನುವುದು ತಿಳಿಯದ್ದೇನಲ್ಲ. ಉಡಣ್ಣ ಮಾತ್ರ ಕೈಗೆ ಚುಚ್ಚಿದ್ದ ನಳಿಗೆಯನ್ನು ಎತ್ತಿ ತೋರಿಸಿ ನರ್ಸಿಗೆ, “ತಾಯೀ, ಈ ಹಗ್ಗ ಬಹಳ ಸಣ್ಣದಾಯ್ತು, ನನ್ನ ಭಾರ ತಡೆಯಲ್ಲ” ಅಂದ. ಆ ಹುಡುಗಿ ಮುಖ ಮುಚ್ಚಿಕೊಂಡು ನಕ್ಕಳು, ಹೊರಗೆ ಹೋಗಿ ಅತ್ತಳು. ಕಂಪೌಂಡರ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಬರಿದೇ ಕೂತಿದ್ದ. ಇಷ್ಟು ವರ್ಷ ಆ ಮನುಷ್ಯ ಬಿದ್ದಾಗಲೆಲ್ಲ ಹಿಡಿದವನು ಅವನು. ಈಗ ಕಣ್ಣೆದುರೇ ಹೋಗುತ್ತಿದ್ದಾನೆ, ಏನು ಹಿಡಿಯುವುದು? ಕೈ ಹಿಡಿದ. ಕೈ ಹಿಡಿದು ಆಗುವುದೇನಿದೆ ಹೇಳಿ.

ಆಗಲೇ ಸಭೆಯ ಮಾತು ಬಂದದ್ದು.

“ನಾನಾ? ನಾನು ಹೇಳಿದ್ರೆ ಯಾರಣ್ಣಾ ನಗ್ತಾರೆ?”

“ಯಾರೂ ನಗಲ್ಲ. ನಿನ್ನ ಮುಖ ನೋಡಿ ನಗ್ತಾರೆ. ಕೆಲಸ ಆಯ್ತಲ್ಲ.”

“ಕೊನೆ ಏನಣ್ಣಾ?”

“ನಿಮ್ಮ ಅತ್ತಿಗೇನ ಕೇಳು” ಅಂದು ಉಡಣ್ಣ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿಕೊಂಡೇ ಮೀಸೆಯಡಿಯಲ್ಲಿ ನಕ್ಕ.

ಅದಕ್ಕೇ ಇವತ್ತು ಬೆಳಿಗ್ಗೆ ಕಂಪೌಂಡರ್ ಅತ್ತಿಗೆಯ ಮನೆಗೆ ಹೊರಟ. ಹೊರಟನೇನೋ ನಿಜ, ಗೇಟಿನ ಮುಂದೆ ಎಷ್ಟೋ ಹೊತ್ತು ಚಪ್ಪಲಿ ಸವೆಸಿದ. ಗಂಡ ಸತ್ತು ಕೂತಿರುವ ಹೆಂಗಸಿನ ಹತ್ತಿರ ಹೋಗಿ ‘ಕಳ್ಳನ ಕತೆ ಏನಾಯ್ತು ಅತ್ತಿಗೆ’ ಅಂತ ಕೇಳುವುದಾದರೂ ಹೇಗೆ? ನಾಲಿಗೆ ಹೊರಳಬೇಕಲ್ಲ!

ಬಾಗಿಲು ತೆರೆದೇ ಇತ್ತು. ಕಿಟಕಿ ಸರಳಿಗೆ ಉಡಣ್ಣನ ಹಗ್ಗ ಇನ್ನೂ ಸುರುಳಿ ಸುತ್ತಿಕೊಂಡು ತೂಗುತ್ತಿತ್ತು. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ ಕೂತು ಒಂದು ಪ್ಯಾಂಟಿನ ಮಂಡಿಗೆ ತೇಪೆ ಹಾಕುತ್ತಿದ್ದರು. ಯಾರ ಪ್ಯಾಂಟು ಅಂತ ಕೇಳಬೇಕಾಗಿರಲಿಲ್ಲ.

“ನೋಡ್ತೀಯೇನಪ್ಪಾ ಹಾಗೆ? ಒಂದು ಮಂಡಿ ಆಗಿತ್ತು, ಅಷ್ಟರಲ್ಲಿ ಆಸ್ಪತ್ರೆ ಅಂತಾಯ್ತು. ಅರ್ಧಕ್ಕೆ ಬಿಟ್ಟ ಕೆಲಸ ಕಂಡ್ರೆ ನನಗೆ ಊಟ ಸೇರಲ್ಲ” ಅಂದರು ಅತ್ತಿಗೆ. “ಕೂತ್ಕೋ. ನೀನು ಬರ್ತೀಯ ಅಂತ ನನಗೆ ಗೊತ್ತಿತ್ತು.”

“ಗೊತ್ತಿತ್ತಾ?”

“ನೀನೇ ಬರದಿದ್ರೆ ನಾನೇ ಹೇಳಿ ಕಳಿಸ್ತಿದ್ದೆ.”

ಕಂಪೌಂಡರಿಗೆ ಹೋದ ಜೀವ ಬಂದಂತಾಯಿತು. ಉಡಣ್ಣ ಎಲ್ಲಾ ಹೇಳಿಟ್ಟೇ ಹೋಗಿದ್ದಾನೆ, ಅತ್ತಿಗೆ ಇನ್ನೇನು ತಾವಾಗಿಯೇ ಕತೆ ಬಿಚ್ಚುತ್ತಾರೆ ಅಂದುಕೊಂಡು ಕುರ್ಚಿಯ ತುದಿಗೆ ಸರಿದು ಕೂತ. ಅತ್ತಿಗೆ ದಾರ ಕತ್ತರಿಸಿದರು. ಪ್ಯಾಂಟು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಅವನ ಕಡೆ ನೋಡದೆ ಕೇಳಿದರು:

“ಅವನು ಬಾಗಿಲು ತೆಗೆದನಾ?”

“ಯಾರು ಅತ್ತಿಗೆ?”

“ಇನ್ಯಾರು, ಆ ಕಳ್ಳ!”

ಕಂಪೌಂಡರ್ ಕಣ್ಣು ಕಣ್ಣು ಬಿಟ್ಟ.

“ನೋಡು, ನಾನು ಯಾವತ್ತೂ ಕೇಳಿದವಳಲ್ಲ. ಊಟಕ್ಕೆ ಕೂತಾಗ ಇವರು ಕತೆ ಶುರು ಮಾಡೋರು. ಮೂರನೇ ಕಟ್ಟೆವರೆಗೂ ಹೇಳಿ, ಕೈ ತೊಳ್ಕೊಂಡು ಎದ್ದುಬಿಡೋರು. ‘ಕೊನೆ ಬಂಡೆ ಮೇಲಿದೆ ಕಣೇ, ಬೇಕಾದ್ರೆ ಹತ್ತಿ ಬಾ, ಇಲ್ಲಾಂದ್ರೆ ಕಂಪೌಂಡರನ್ನ ಕೇಳು’ ಅನ್ನೋರು. ನನಗೇನು ಗರಜು ಅಂತ ನಾನೂ ಮುಖ ತಿರುಗಿಸ್ತಿದ್ದೆ. ಅವರು ಬಂಡೆಗೆ ಹೋದ ದಿನ ವಾಪಸ್ ಬರೋವರೆಗೂ ನಾನು ಒಲೆ ಹಚ್ಚಿದವಳಲ್ಲ, ಗೊತ್ತಾ? ಅಷ್ಟು ಹೊಟ್ಟೆ ಉರಿಸಿದ ಬಂಡೆ ಮುಂದೆ ಹೋಗಿ ಕತೆ ಹೇಳು ಅಂತ ಕೈ ಒಡ್ಡಲಾ?” ಅತ್ತಿಗೆ ಪ್ಯಾಂಟಿನ ತೇಪೆಯ ಮೇಲೆ ಕೈ ಸವರಿದರು. “ಈಗ ಕೇಳ್ತಿದೀನಪ್ಪಾ. ಸೋತೆ ಅಂತಲೇ ಇಟ್ಕೋ. ಇದೊಂದನ್ನ ಹೇಳಿಬಿಡು. ಇವರ ಬಾಯಿಂದ ಬಂದ ಕೊನೇ ಮಾತು ಅದು, ಅದಾದ್ರೂ ನನಗಿರಲಿ.”

ಕಂಪೌಂಡರಿಗೆ ಸುಳ್ಳು ಹೇಳಿಬಿಡೋಣ ಅನ್ನಿಸಿತು. ಹೂಂ ಅತ್ತಿಗೆ, ತೆಗೆದ, ಯಜಮಾನನ ಕಾಲಿಗೆ ಬಿದ್ದ ಅಂದುಬಿಟ್ಟರೆ? ಬಾಯಿಯವರೆಗೂ ಬಂತು. ಆದರೆ ಅಷ್ಟು ಸಪ್ಪೆ ಕೊನೆ ಉಡಣ್ಣನದಲ್ಲ ಅಂತ ಆ ಹೆಂಗಸಿಗೆ ಹೇಳುತ್ತಲೇ ಗೊತ್ತಾಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ: ತುದಿಯಲ್ಲಿ ಉಡಣ್ಣ ಏನನ್ನುತ್ತಿದ್ದ, ಅವರೆಲ್ಲ ಯಾಕೆ ಕೇಳಲಿಲ್ಲ, ತಾನು ಈಗ ಯಾಕೆ ಬಂದದ್ದು.

ಅತ್ತಿಗೆ ಇದ್ದಕ್ಕಿದ್ದ ಹಾಗೆ ನಗತೊಡಗಿದರು. “ಅಯ್ಯೋ, ಇವರ ಮನೆ ಕಾಯ್ವೋಗ! ನನ್ನನ್ನ ನಿಮಗೆ ತೋರಿಸೋದು, ನಿಮ್ಮನ್ನ ನನಗೆ ತೋರಿಸೋದು! ಎಂಥಾ ಖದೀಮ!” ಪ್ಯಾಂಟಿನಲ್ಲಿ ಮುಖ ಹುದುಗಿಸಿಕೊಂಡು ನಗುತ್ತಿದ್ದರು. ನಗು ಎಲ್ಲಿ ನಿಂತಿತು, ಅಳು ಎಲ್ಲಿ ಹತ್ತಿತು ಅನ್ನುವುದು ಕಂಪೌಂಡರಿಗೆ ತಿಳಿಯಲಿಲ್ಲ. ಅವನು ಎದ್ದು ಒಂದು ಲೋಟ ನೀರು ತಂದ. ಅದನ್ನು ಹಿಡಿದುಕೊಂಡು ನಿಂತೇ ಇದ್ದ.

ಸಂಜೆ ಸಭೆಗೆ ಜನ ಸೇರಿದರು. ಡಿಪೋದ ಹಿಂದಿನ ಕೋಣೆ. ಮಡಚುವ ಕುರ್ಚಿಗಳು, ಮೂಲೆಯಲ್ಲಿ ಚಹಾದ ಕ್ಯಾನು, ಮೇಜಿನ ಮೇಲೆ ಉಡಣ್ಣನ ಫೋಟೋ. ಕ್ಯಾಮೆರಾದವನಿಗೇ ಏನೋ ಹೇಳಿ ನಗಿಸಿರಬೇಕು, ಫೋಟೋ ಸ್ವಲ್ಪ ಅಲುಗಿದ ಹಾಗಿತ್ತು. ಅತ್ತಿಗೆ ಮೊದಲ ಸಾಲಿನಲ್ಲಿ ಬಂದು ಕೂತದ್ದು ನೋಡಿ ಬಳಗದವರು ಒಬ್ಬರನ್ನೊಬ್ಬರು ತಿವಿದುಕೊಂಡರು. ಇವತ್ತು ಕೊನೆ ಹೊರಬೀಳುತ್ತದೆ ಅಂತ ಎಲ್ಲರಿಗೂ ಖಾತ್ರಿ.

ಕಂಪೌಂಡರ್ ಎದ್ದು ನಿಂತ. ಕೈಗೆ ಏನೂ ಸಿಗದೆ ಕುರ್ಚಿಯ ಬೆನ್ನು ಹಿಡಿದುಕೊಂಡ.

“ಒಂದೂರಲ್ಲಿ ಒಬ್ಬ ಕಳ್ಳ ಇದ್ದ” ಅಂತ ಶುರು ಮಾಡಿದ. “ಮಟಮಟ ಮಧ್ಯಾಹ್ನ ಒಂದು ಮನೆಗೆ ನುಗ್ಗಿದ. ಹುಡುಕಿದ, ಹುಡುಕಿದ, ಕದಿಯೋಕೆ ಒಂದು ಸೌಟೂ ಇಲ್ಲ. ಇಷ್ಟು ದೂರ ಬಂದು ಬರಿಗೈಲಿ ಹೋಗೋದಾ ಅಂತ ಮುಂಬಾಗಿಲನ್ನೇ ಕಿತ್ತು ಬೆನ್ನ ಮೇಲೆ ಹೊತ್ಕೊಂಡು ಹೋದ. ಇದು ಮೊದಲನೇ ಕಟ್ಟೆ.”

ಅವನ ಗಂಭೀರ ಮುಖ ನೋಡಿ ಯಾರೋ ಕಿಸಕ್ಕೆಂದರು. ಉಡಣ್ಣ ಹೇಳಿದ ಹಾಗೇ ಆಯಿತು.

“ಆಮೇಲೆ ಮನೆ ಯಜಮಾನ ಬಂದ. ಬಹಳ ಮರ್ಯಾದಸ್ಥ. ತನ್ನ ಮನೆಗೂ ಬಾಗಿಲು ತಟ್ಟದೆ ಹೋದವನಲ್ಲ. ನೋಡಿದ್ರೆ ಬಾಗಿಲೇ ಇಲ್ಲ. ತಟ್ಟೋದೆಲ್ಲಿ? ಒಳಗೆ ಹೋಗೋದು ಹೇಗೆ? ತಲೆ ಮೇಲೆ ಕೈ ಹೊತ್ತು ನಿಂತ. ಕೊನೆಗೆ ಬಾಗಿಲು ಹುಡುಕ್ಕೊಂಡು ಬೀದಿಗೆ ಹೊರಟ. ಇದು ಎರಡನೇ ಕಟ್ಟೆ.”

ಈಗ ಕೋಣೆಯೆಲ್ಲ ನಗು. ಚಹಾ ಕೊಡುತ್ತಿದ್ದವನೂ ಕ್ಯಾನು ಕೆಳಗಿಟ್ಟ.

“ಅಷ್ಟರಲ್ಲಿ ಕಳ್ಳನಿಗೆ ಬೆನ್ನು ಬಿದ್ದುಹೋಯ್ತು. ನಡುಬೀದಿಯಲ್ಲಿ ಬಾಗಿಲು ನಿಲ್ಲಿಸಿ, ಹಿಂದೆ ಒರಗಿಕೊಂಡು ನಿಂತ. ಯಜಮಾನ ಈ ಕಡೆಯಿಂದ ಬಂದ. ಅರೆ, ನನ್ನ ಬಾಗಿಲು! ಸಂತೋಷವಾಯ್ತು. ಟಕ್ ಟಕ್ ಅಂತ ತಟ್ಟಿದ. ಒಳಗಿಂದ, ಅಂದ್ರೆ ಹಿಂದಿನಿಂದ, ‘ಯಾರು?’ ಅಂದ ಕಳ್ಳ. ‘ನಾನಪ್ಪಾ, ಮನೆಯವನು. ಬಾಗಿಲು ತೆಗಿ’ ಅಂದ ಯಜಮಾನ.”

ಕಂಪೌಂಡರ್ ನಿಲ್ಲಿಸಿದ.

“ಇದು ಮೂರನೇ ಕಟ್ಟೆ” ಅಂದ. “ಉಡಣ್ಣ ಇಲ್ಲಿವರೆಗೆ ಬಂದಿದ್ದ.”

ನಗು ಮೆಲ್ಲಗೆ ಇಳಿಯಿತು. ಎಲ್ಲರೂ ಕತ್ತು ಮುಂದೆ ಚಾಚಿ ಕೂತರು. ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಾಗಲೂ ಹೀಗೇ ಕೂರುತ್ತಿದ್ದರು. ಇಷ್ಟೇ ನನಗೆ ಗೊತ್ತಿರೋದು, ಮುಂದಿನದು ಯಾರಿಗೂ ಗೊತ್ತಿಲ್ಲ ಅಂತ ಹೇಳಿ ಕೂತುಬಿಡಬೇಕು. ಅಷ್ಟೇ ಕೆಲಸ. ಅವನು ಅತ್ತಿಗೆಯ ಕಡೆ ನೋಡಿದ. ಅವರಿಗಂತೂ ಎಲ್ಲಾ ಗೊತ್ತು. ಅವರೇ ಎದ್ದು ಏನಾದರೂ ಹೇಳಿ ಕಾಪಾಡಲಿ ಅಂತ ಕಣ್ಣಲ್ಲೇ ಬೇಡಿಕೊಂಡ.

ಅತ್ತಿಗೆ ಏಳಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಮುಖ ಮೇಲೆತ್ತಿ, ಅವನ ಬಾಯನ್ನೇ ನೋಡುತ್ತಿದ್ದರು. ಕೊನೆ ಇಲ್ಲ ಅಂತ ಬೆಳಿಗ್ಗೆಯೇ ತಿಳಿದವರು. ಆದರೂ ಆ ಕೋಣೆಯಲ್ಲಿದ್ದ ಎಲ್ಲರಿಗಿಂತ ಮುಂಚೆ ಕೇಳಿದವರು ಅವರೇ.

“ಆಮೇಲೆ?” ಅಂದರು ಅತ್ತಿಗೆ. “ಹೇಳಪ್ಪಾ. ಆಮೇಲೆ ಏನಾಯ್ತು?”

ಕಂಪೌಂಡರ್ ಕುರ್ಚಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. ಬಾಯಿ ತೆರೆದ.