ಅಮ್ಮನ ದನಿ ಕದ್ದ ಪುಟ

ಫಿಸಿಯೋಥೆರಪಿ ಕೋಣೆಯ ಹೊರಗೆ, ಎದುರು ಬೆಂಚಿನ ಮುದುಕನ ಟ್ಯಾಬ್ಲೆಟ್ಟಿನಿಂದ ಅಮ್ಮನ ದನಿ ಕೇಳಿತು: "ನೀರು ಕೊಡಿ."

ಗಾಲಿಕುರ್ಚಿಯಲ್ಲಿದ್ದ ಅಮ್ಮ ಬೆಚ್ಚಿಬಿದ್ದಳು. ಪಾರ್ಶ್ವವಾಯು ಹೊಡೆದ ಮೇಲೆ ಆಕೆಯ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಫೋನಿನಲ್ಲಿ ಉಳಿದಿದ್ದ ಅಮ್ಮನ ಹಳೆಯ ಸಂದೇಶಗಳಿಂದ ಒಂದೊಂದೇ ಮಾತು ಕತ್ತರಿಸಿ, ಚಿತ್ರ ಮುಟ್ಟಿದರೆ ಮಾತಾಡುವ ವೆಬ್ ಪುಟ ಕಟ್ಟಿದವಳು ಹಿರಿಮಗಳು. ತಂಗಿ ಕೇಳದೆ ಕತ್ತರಿ ಹೊತ್ತೊಯ್ದಾಗ ಅಮ್ಮ ಬೈದಿದ್ದ ಸಂದೇಶವೊಂದನ್ನು ಮಾತ್ರ ಪುಟಕ್ಕೆ ಸೇರಿಸದೆ ಬಿಟ್ಟಿದ್ದಳು. ಮಾತು ಹೋದ ಬೇರೆಯವರಿಗೂ ಆಗಲಿ ಎಂದು ಪುಟವನ್ನು ಬಿಟ್ಟಿಯಾಗಿಯೇ ಇಟ್ಟಿದ್ದಳು. ಅಮ್ಮನ ಪಕ್ಕ ನಿಂತಿದ್ದ ಅವಳು ಮುದುಕನಿಗೂ ಅದನ್ನೇ ಹೇಳಿದಳು.

"ಬಿಟ್ಟಿನಾ? ನಾನು ತಿಂಗಳು ತಿಂಗಳು ದುಡ್ಡು ಕಟ್ತೀನಿ ಕಣಮ್ಮಾ," ಎಂದ ಮುದುಕ. ಅವನ ಹೆಂಡತಿಗೂ ಮಾತಿಲ್ಲ. ಆಕೆ ನೀರು ಕೇಳುವಷ್ಟರಲ್ಲಿ ನಡುವೆ ಸೋಪಿನ ಜಾಹೀರಾತು ಬೇರೆ! ಎಂಥಾ ಭಂಡರು! ಹಿರಿಮಗಳ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದವಳೇ ಆ ಕಳ್ಳ ಪುಟದ ಕೋಡ್ ತೆರೆದಳು. ತನ್ನ ಕೋಡನ್ನು ಅವಳು ಯಾರಿಗೂ ತಲೆಬುಡ ತಿಳಿಯದಂತೆ ಗೋಜಲು ಮಾಡಿಯೇ ಹಾಕಿದ್ದಳು. ಇಲ್ಲಿ ನೋಡಿದರೆ ಎಲ್ಲವೂ ನೀಟಾಗಿ ಬಿಡಿಸಿಕೊಂಡಿದೆ. ಅವಳೇ ಬರೆದುಕೊಂಡಿದ್ದ ಟಿಪ್ಪಣಿಯೂ ಹಾಗೇ ಇದೆ: 'ಅಮ್ಮನ ಕೈ ನಡುಗುತ್ತೆ, ಗುಂಡಿ ದೊಡ್ಡದಿರಲಿ.'

"ಲೇ, ಗೋಜಲು ಬಿಡಿಸೋ ಮ್ಯಾಪ್ ಫೈಲನ್ನೂ ಸರ್ವರ್‌ಗೆ ಹಾಕಿದ್ಯೇನೇ?"

"ತಪ್ಪು ಹುಡುಕೋಕೆ ಸುಲಭ ಅಂತ ಹಾಕ್ದೆ. ತೆಗೆಯೋದು ಮರ್ತೇಬಿಟ್ಟೆ ಅಕ್ಕಾ," ಎಂದಳು ತಂಗಿ. ಬೀಗ ಜಡಿದು, ಕೀಲಿಯನ್ನು ಅದೇ ಬಾಗಿಲಿಗೆ ನೇತುಹಾಕಿದಂತಾಗಿತ್ತು.

ಕಳ್ಳ ಪುಟ ನಡೆಸುವ ಕಂಪನಿಗೆ ಹಿರಿಮಗಳು ಫೋನ್ ಮಾಡಿದರೆ ಅಲ್ಲಿಯವನ ಉತ್ತರ ಕೇಳಿ: "ಬ್ರೌಸರ್‌ಗೆ ಬಂದ ಮೇಲೆ ಅದು ಎಲ್ಲರದ್ದೂ ಮೇಡಂ."

"ಅಂಗಳದಲ್ಲಿ ಒಣಗಿಹಾಕಿದ ಬಟ್ಟೆನೂ ಎಲ್ಲರದ್ದೇನ್ರೀ?"

ಅವನು ಫೋನ್ ಕುಕ್ಕಿದ.

ತಂಗಿ ಮ್ಯಾಪ್ ಫೈಲ್ ಅಳಿಸುತ್ತಾ ಸರ್ವರ್ ನೋಡಿದವಳು ಕೂಗಿದಳು: "ಅಕ್ಕಾ! ಕೋಡ್ ಕದ್ರೂ ದನಿ ಫೈಲುಗಳನ್ನ ಈಗ್ಲೂ ನಮ್ಮ ಸರ್ವರಿಂದಾನೇ ಎಳ್ಕೊತಿದಾರೆ. ಸೋಮಾರಿ ನನ್ಮಕ್ಕಳು!"

"ನಿಲ್ಸೇ ಮತ್ತೆ! ಒಂದಕ್ಷರನೂ ಹೋಗ್ಬಾರದು ಅವರಿಗೆ!"

ಅಮ್ಮ ಆಡುವ ಕೈಯಿಂದ ಮೇಜು ಬಡಿದಳು. ತನ್ನ ಟ್ಯಾಬ್ಲೆಟ್ಟಿನಲ್ಲಿ 'ಬೇಡ' ಒತ್ತಿದಳು. ಆಮೇಲೆ 'ನೀರು ಕೊಡಿ' ಒತ್ತಿ ಮಗಳ ಮುಖ ದಿಟ್ಟಿಸಿದಳು. ನಿಲ್ಲಿಸಿದರೆ ಮುದುಕನ ಹೆಂಡತಿ ನೀರು ಕೇಳುವುದು ಹೇಗೆ? ಹಿರಿಮಗಳಿಗೆ ಅಳುವೇ ಬಂತು.

"ಹಾಗಂತ ಸುಮ್ನೆ ಬಿಟ್ಬಿಡೋದೇನಮ್ಮಾ ಅವರನ್ನ?"

ಅಮ್ಮ ತನ್ನ ಹಳೆಯ ಫೋನನ್ನು ಹತ್ತಿರ ಎಳೆದುಕೊಂಡಳು. ಬಹಳ ಹೊತ್ತು ಹುಡುಕಿ, ಪುಟಕ್ಕೆ ಸೇರದೆ ಉಳಿದಿದ್ದ ಆ ಬೈಗುಳದ ಸಂದೇಶವನ್ನು ಒತ್ತಿದಳು.

ನೀರು, ಊಟ, ನೋವು ಎಲ್ಲವನ್ನೂ ಹಾಗೇ ಬಿಟ್ಟು, ಕಳ್ಳ ಪುಟಕ್ಕೆ ಹೋಗುವ, ತೆರೆದ ಕೂಡಲೇ ಕೇಳಿಸುವ 'ನಮಸ್ಕಾರ'ವನ್ನಷ್ಟೇ ಹಿರಿಮಗಳು ಬದಲಿಸಿದಳು. ಮುಂದಿನ ಸಲ ಫಿಸಿಯೋಥೆರಪಿಗೆ ಹೋದಾಗ ಮುದುಕ ಟ್ಯಾಬ್ಲೆಟ್ ತೆರೆದ. ಅಮ್ಮನ ದನಿ ಆ ಕಾರಿಡಾರನ್ನೆಲ್ಲ ತುಂಬಿತು:

"ಯಾರನ್ನ ಕೇಳಿ ತಗೊಂಡೆ ಇದನ್ನ? ನಾಚಿಕೆ ಆಗಲ್ವಾ ನಿಂಗೆ? ಎಲ್ಲಿತ್ತೋ ಅಲ್ಲೇ ಇಡು!"

ಹಿಂದೆಯೇ ಹಿರಿಮಗಳ ದನಿ: "ಇದು ಕದ್ದ ಪುಟ. ದುಡ್ಡು ಕಟ್ಟಬೇಡಿ, ನಮ್ಮದು ಬಿಟ್ಟಿ." ಪುಟದ ವಿಳಾಸವನ್ನೂ ಬಿಡಿಸಿ ಹೇಳಿದ್ದಳು.

ಮುದುಕ ತಬ್ಬಿಬ್ಬಾಗಿ ಸುತ್ತ ನೋಡಿದ. ಅಮ್ಮ ಸೊಟ್ಟ ಬಾಯಲ್ಲೇ ನಗುತ್ತಾ ತನ್ನ ಪರದೆಯ ಮೇಲೆ ಬೆರಳಿಟ್ಟಳು: "ಇನ್ನೊಂದ್ಸಲ."