ಎಡಗಡೆಯ ಸೀಟು

ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ ಒಂದೊಂದು ಜೋಡಣೆಯ ಮೇಲೂ ಸರಳಾ ಸೋಪಿನ ನೀರು ಸಿಂಪಡಿಸುತ್ತ ಬಂದಿದ್ದಳು. ಇನ್ನು ರೇಡಿಯೇಟರಿನ ಹತ್ತಿರದ ಒಂದೆರಡು ಜೋಡಣೆ ಮಾತ್ರ ಉಳಿದಿತ್ತು. ಪಾತ್ರೆ ತೊಳೆಯುವ ಹಸಿರು ಸೋಪು ಅದು; ಬೆಳಿಗ್ಗೆ ಜನಕಪುರಿಯ ಮನೆಯ ಅಡುಗೆಮನೆಯಿಂದ ಒಂದಿಷ್ಟು ಸುರಿದುಕೊಂಡು ಬಂದಿದ್ದಳು. ಕೊಳವೆಯೊಳಗೆ ಗಾಳಿ ತುಂಬಿಸಿ, ಹೊರಗೆ ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ ಎಂದರ್ಥ. ಸೋರಿದರೆ, ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಅದಕ್ಕೇ ಗಾಳಿ ಒತ್ತಿ ತುಂಬುವ ಟರ್ಬೊ ಪಟ್ಟ ಶ್ರಮವೆಲ್ಲ ವ್ಯರ್ಥ.

ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದಳು. ಆ ಕಡೆ ಮಗಳು ಅಪೂರ್ವಾ, ಕಾಲೇಜಿಗೆ ರಜೆ.

"ಮಮ್ಮಿ, ರಾಜ್ಮಾಗೆ ಕುಕ್ಕರಲ್ಲಿ ಎಷ್ಟು ಸೀಟಿ?"

"ರಾತ್ರಿ ನೆನೆಹಾಕಿದ್ಯಾ?"

"ನೆನೆಹಾಕ್ಬೇಕಿತ್ತಾ?"

ಸರಳಾ ಕಣ್ಣು ಮುಚ್ಚಿ ತೆರೆದಳು. "ನಿನ್ನೆ ಹೇಳಿದ್ನಲ್ಲೇ, ಎರಡೆರಡು ಸಲ."

"ಅಚ್ಛಾ, ಅದು ಇವತ್ತಿಗಾ?"

"ರಾಜ್ಮಾ ಬೇಡ. ಬೇಳೆ ಇಟ್ಟು ಸಾರು ಮಾಡ್ಕೊ."

"ಬೇಳೆಗೆ ಎಷ್ಟು ಸೀಟಿ?"

ಕೊನೆಯ ಜೋಡಣೆಯಲ್ಲೂ ಗುಳ್ಳೆ ಏಳಲಿಲ್ಲ. ಸರಳಾ ಫೋನಿಟ್ಟು ಕೈ ಒರೆಸಿಕೊಂಡಳು.

ದಿಲ್ಲಿಯ ಓಖ್ಲಾದಲ್ಲಿ ಒಂದು ಬಟ್ಟೆ ಕಾರ್ಖಾನೆಗೂ ಒಂದು ಮುದ್ರಣಾಲಯಕ್ಕೂ ನಡುವೆ ಅವಳ ಗಂಡ ಮಹಂತೇಶನ ಗ್ಯಾರೇಜು. ಗಿರಾಕಿಗಳ ಜೊತೆ ಮಾತಾಡುವುದು, ಕಾರು ಓಡಿಸಿ ನೋಡುವುದು ಅವನ ಕೆಲಸ. ಎಂಜಿನ್ ಬಿಚ್ಚಿ ಕಟ್ಟುವುದು, ಲೆಕ್ಕ ಹಾಕುವುದು, ಓಡುವ ಕಾರಿನ ಎಡಗಡೆಯ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗ್ರಾಫ್ ನೋಡುವುದು ಅವಳದು. ಗ್ರೇಟರ್ ನೋಯ್ಡಾದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಷ್ಟೋ ವರ್ಷ ಥರ್ಮೋಡೈನಮಿಕ್ಸ್ ಪಾಠ ಮಾಡಿ, ಕಾಲೇಜು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದಳು. ಈ ಕೆಲಸ ಹಂಚಿಕೆಯನ್ನು ಯಾರೂ ಕೂತು ತೀರ್ಮಾನಿಸಿರಲಿಲ್ಲ. ಮನೆಯಲ್ಲಿ ಯಾರು ಯಾವ ಕಡೆ ಮಲಗುತ್ತಾರೆ ಎಂಬುದು ತಾನೇ ಗೊತ್ತಾಗುವಂತೆ ಇದೂ ಗೊತ್ತಾಗಿಬಿಟ್ಟಿತ್ತು.

ಈಗ ಅವಳ ಮುಂದೆ ನಿಂತಿದ್ದ ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ಚಿರಂತ್ ಎಂಬ ಗಿರಾಕಿಯದು. ಅವನು ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ. ನೋಯ್ಡಾದ ಐಟಿ ಕಂಪನಿಯೊಂದರಲ್ಲಿ ಮ್ಯಾನೇಜರು. ಕಾರನ್ನು ಕೊಂಡಾಗಲೇ ಅದರಲ್ಲಿ ಯಾರೋ ಭಾರಿ ಟರ್ಬೊ ಕೂರಿಸಿದ್ದರು. ಅದರ ದೊಡ್ಡ ಚಕ್ರ ತಿರುಗಿಕೊಳ್ಳಲು ಹೊಗೆ ಜಾಸ್ತಿ ಬೇಕು, ಹೊತ್ತೂ ಬೇಕು. ಅಲ್ಲಿಯವರೆಗೆ ಪೆಡಲ್ ಒತ್ತಿಕೊಂಡು ಕಾಯುವುದೇ ಗತಿ; ಅದಕ್ಕೇ ಲ್ಯಾಗ್ ಅನ್ನುವುದು. ಚಳಿಗಾಲದ ಶುರುವಿನಲ್ಲಿ ಚಿರಂತ್ ಒಂದು ಟ್ರಕ್ಕನ್ನು ಹಿಂದೆ ಹಾಕಲು ಹೋಗಿದ್ದಾಗ, ಬೇಕೆಂದಾಗ ಬಾರದ ಶಕ್ತಿ ಬೇಡವೆಂದಾಗ ನುಗ್ಗಿ ಬಂದು, ಕಾರು ಡಿವೈಡರನ್ನು ಸವರಿಕೊಂಡು ಹೋಗಿತ್ತು. ಅವತ್ತು ಬಿಳುಚಿದ ಮುಖ ಹೊತ್ತು ಬಂದು, "ಈ ಲ್ಯಾಗ್ ತೆಗೀರಿ ಸರ್, ಪ್ಲೀಸ್" ಎಂದು ಮಹಂತೇಶನ ಕೈ ಹಿಡಿದುಕೊಂಡಿದ್ದ.

ಸಣ್ಣ ಟರ್ಬೊ ಸಾಕೆಂದು ಆಗಲೇ ಸರಳಾ ಹೇಳಿದ್ದಳು. ಮಹಂತೇಶ್ ನಕ್ಕಿದ್ದ. ವಾರ ಕಳೆದ ಮೇಲೆ ಅವನೇ ಚಿರಂತನಿಗೆ, "ನಾನು ತುಂಬಾ ಯೋಚನೆ ಮಾಡಿದೆ. ಸಣ್ಣದೇ ಸರಿ" ಅಂದಿದ್ದ. ಅವಳಿಗೆ ಇದು ಹೊಸದಲ್ಲ. ಮನೆಗೆ ಯಾವ ಬಣ್ಣ ಹೊಡೆಸಬೇಕು ಎನ್ನುವುದರಿಂದ ಹಿಡಿದು ಅವಳ ಮಾತುಗಳೆಲ್ಲ ಹೀಗೆಯೇ ಒಂದು ಸುತ್ತು ಹಾಕಿ ಅವನ ಬಾಯಿಂದ ಹೊರಬರುತ್ತಿದ್ದವು.

ಚಳಿಗಾಲವೆಲ್ಲ ಅವಳು ಅದರಲ್ಲೇ ಮುಳುಗಿದ್ದಳು. ಎರಡು ಬಾಯಿಯ ಸಣ್ಣ ಟರ್ಬೊ ತರಿಸಿದಳು. ನಾಲ್ಕು ಸಿಲಿಂಡರುಗಳ ಹೊಗೆ ಒಂದನ್ನೊಂದು ಅಡ್ಡಗಟ್ಟದಂತೆ ಎರಡೆರಡನ್ನು ಬೇರೆ ಬೇರೆ ದಾರಿಯಲ್ಲಿ ಟರ್ಬೊಗೆ ಮುಟ್ಟಿಸುವ ಮ್ಯಾನಿಫೋಲ್ಡನ್ನು ತಾನೇ ಅಳೆದು ಬೆಸುಗೆ ಹಾಕಿಸಿದಳು. ಬಿಸಿ ಹೊರಗೆ ಹೋಗದಂತೆ ಅದಕ್ಕೆ ಲೇಪ ಕೊಡಿಸಿದಳು. ಗಾಳಿ ಸುತ್ತಿಬಳಸಿ ಬರುತ್ತಿದ್ದ ಕೊಳವೆಗಳನ್ನು ಮೋಟು ಮಾಡಿದಳು. ಎಲ್ಲ ಮುಗಿದು ಇವತ್ತು ಚಿರಂತ್ ಓಡಿಸಿ ನೋಡಲು ಬರುವವನಿದ್ದ.

ಬಂದ. ಮಹಂತೇಶನಿಗೆ ಕೈಕುಲುಕಿ, "ನಮಸ್ತೆ ಆಂಟಿ" ಅಂದ. ಚಿರಂತ್ ಸ್ಟಿಯರಿಂಗ್ ಹಿಡಿದ. ಮಹಂತೇಶ್ ಎಡಗಡೆ ಕೂತುಬಿಟ್ಟ. ಲ್ಯಾಪ್‌ಟಾಪ್ ಹಿಡಿದುಕೊಂಡು ನಿಂತಿದ್ದ ಸರಳಾಗೆ, "ಹಿಂದೆ ಹತ್ಕೊ, ಸ್ವಲ್ಪ ಹೊತ್ತು ತಾನೆ" ಅಂದ. ಎರಡು ಬಾಗಿಲಿನ ಕಾರಿನ ಹಿಂದಿನ ಸೀಟು ಎಂದರೆ ಹೆಸರಿಗೊಂದು ಸೀಟು. ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ಲ್ಯಾಪ್‌ಟಾಪನ್ನು ಪಕ್ಕಕ್ಕೆ ಓರೆ ಹಿಡಿದು ಅವಳು ಕೂತಳು.

ಕಾಳಿಂದಿ ಕುಂಜ್ ದಾಟಿ ಎಕ್ಸ್‌ಪ್ರೆಸ್‌ವೇ ಸೇರಿದ ಮೇಲೆ ಚಿರಂತ್ ಪೆಡಲ್ ಒತ್ತಿದ. ಗ್ರಾಫಿನಲ್ಲಿ ಗಾಳಿಯ ಒತ್ತಡದ ಗೆರೆ ತಡವಿಲ್ಲದೆ ಏರಿತು. ಎಲ್ಲೂ ತಗ್ಗಿಲ್ಲ, ಎಲ್ಲೂ ಜಿಗಿತವಿಲ್ಲ. ಸರಳಾ ಉಸಿರು ಬಿಟ್ಟಳು. ಚಿರಂತ್ ಮತ್ತೆ ಒತ್ತಿದ, ಮತ್ತೊಮ್ಮೆ ಒತ್ತಿದ.

"ಸರ್, ಏನೋ ಮಿಸ್ಸಿಂಗ್."

"ಏನು?" ಅಂದ ಮಹಂತೇಶ್.

"ಮೊದ್ಲು ಹೀಗೆ ಒತ್ತಿದ್ರೆ ಏಕ್, ದೋ, ತೀನ್... ಆಮೇಲೆ ಧಡ್ ಅಂತ ಬೆನ್ನಿಗೆ ಒದೀತಿತ್ತು. ಅದಿಲ್ಲ ಈಗ."

"ಆ ಏಕ್ ದೋ ತೀನ್ ತೆಗೀರಿ ಅಂತಾನೇ ನೀವು ಬಂದಿದ್ದು ಚಿರಂತ್," ಹಿಂದಿನಿಂದ ಸರಳಾ ಹೇಳಿದಳು.

"ಹೌದು ಆಂಟಿ, ಲ್ಯಾಗ್ ತೆಗೀರಿ ಅಂದೆ. ಕಿಕ್ ತೆಗೀರಿ ಅನ್ಲಿಲ್ವಲ್ಲ."

"ಎರಡೂ ಒಂದೇ ಕಣಪ್ಪ. ಆಗ ತಡೆದು ತಡೆದು ಒಟ್ಟಿಗೆ ಬರ್ತಿತ್ತು, ಒದ್ದ ಹಾಗೆ ಅನ್ನಿಸ್ತಿತ್ತು. ಈಗ ಮೊದ್ಲಿಂದಾನೇ ಬರ್ತಿದೆ. ಇಲ್ಲಿ ನೋಡಿ, ಅರವತ್ತರಿಂದ ನೂರಕ್ಕೆ ಹಳೇದಕ್ಕಿಂತ ಎಷ್ಟು ಬೇಗ ಹೋಗಿದೆ."

ಚಿರಂತ್ ಕನ್ನಡಿಯಲ್ಲೇ ಲ್ಯಾಪ್‌ಟಾಪಿನ ಕಡೆ ಒಮ್ಮೆ ನೋಡಿದ. "ಗ್ರಾಫ್ ಸೂಪರ್ ಆಂಟಿ. ಆದ್ರೆ ಫ್ರೆಂಡ್ಸನ್ನ ಕೂರಿಸ್ಕೊಂಡು ಗ್ರಾಫ್ ತೋರಿಸ್ಲಾ? ಅವ್ರು ಕಿರುಚ್ಬೇಕು. ಇದು ನಮ್ಮಮ್ಮನ ಆಟೊಮ್ಯಾಟಿಕ್ ಕಾರ್ ಥರ ಹೋಗ್ತಿದೆ ಯಾರ್."

"ಆ ಟ್ರಕ್ಕು ಮರೆತೋಯ್ತಾ?"

"ಅದು ಆವಾಗ ಆಂಟಿ. ಈಗ ನಂಗೆ ಅಭ್ಯಾಸ ಆಗಿದೆ, ಸಂಭಾಳಿಸ್ತೀನಿ."

ಸರಳಾ ಗಂಡನ ಕುತ್ತಿಗೆಯನ್ನು ನೋಡಿದಳು. ಅವನು ಏನಾದರೂ ಹೇಳುತ್ತಾನೆಂದು ಕಾದಳು.

"ನಾನು ದೊಡ್ಡದೇ ಇರಲಿ ಅಂತಿದ್ದೆ ಚಿರಂತ್," ಅಂದ ಮಹಂತೇಶ್. "ಸರಳಾನೇ ಹಟ ಹಿಡಿದ್ಲು, ಸಣ್ಣದೇ ಬೇಕು ಅಂತ. ಚಲೋ, ಹಳೇದನ್ನೇ ವಾಪಸ್ ಕೂರಿಸ್ಕೊಡ್ತೀವಿ."

ಅಂತೂ ಅವಳ ಯೋಚನೆ ಅವಳಿಗೇ ಮರಳಿ ಬಂದಿತ್ತು. ಅಲುಗಾಡಲು ಜಾಗವಿದ್ದಿದ್ದರೆ ಅವಳು ನಗುತ್ತಿದ್ದಳೇನೊ.

ಗ್ಯಾರೇಜಿಗೆ ಬಂದು, ಚಿರಂತ್ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಅವಳು ಗಂಡನನ್ನು ತಡೆದಳು. "ಏನ್ರೀ, ಅಷ್ಟು ಸಲೀಸಾಗಿ ಹಟ ನನ್ನದು ಅಂದುಬಿಟ್ರಲ್ಲ."

"ಆ ಹೊತ್ತಿಗೆ ಏನಾದ್ರೂ ಹೇಳ್ಬೇಕಿತ್ತಲ್ಲ. ಬಿಡು. ಊಟ ಮಾಡೋನು ಉಪ್ಪು ಕಮ್ಮಿ ಅಂದ್ರೆ ಉಪ್ಪು ಹಾಕ್ಬೇಕಪ್ಪ."

"ಅವನು ಕೇಳ್ತಿರೋದು ಉಪ್ಪಲ್ಲ. ಸೀದಿದ್ದು ಬೇಕಂತೆ. ಸೀದ ವಾಸನೆಗೆ ನಾಲಿಗೆ ಒಗ್ಗಿಹೋಗಿದೆ."

"ಹಾಗಾದ್ರೆ ಸೀಯಿಸಿ ಕೊಡು. ಸೀಯಿಸೋದು ಕಷ್ಟಾನಾ?"

"ನನ್ನ ಚಳಿಗಾಲವೆಲ್ಲ ಹೋಯ್ತು ಇದರಲ್ಲಿ."

"ನಿನ್ನ ಕೆಲಸ ಚೆನ್ನಾಗಿಲ್ಲ ಅಂತ ಯಾರಂದ್ರು? ಅವನಿಗೆ ಬೇಡ, ಅಷ್ಟೆ." ಮಹಂತೇಶ್ ಸಮಾಧಾನವಾಗಿಯೇ ಹೇಳಿದ. ಆ ಸಮಾಧಾನವೇ ಅವಳನ್ನು ಹೆಚ್ಚು ರೇಗಿಸಿತು. "ನಾನೂ ಅವನೂ ಊಟಕ್ಕೆ ಹೋಗ್ತಿದೀವಿ. ಬರ್ತೀಯಾ?"

"ನೀವು ಹೋಗಿ. ನಾನು ಬಿಚ್ಚೋಕೆ ಶುರು ಮಾಡ್ತೀನಿ."

ಇಬ್ಬರೂ ಹೋದರು. ಸರಳಾ ಬಾನೆಟ್ ಎತ್ತಿ ನಿಂತಳು. ಮ್ಯಾನಿಫೋಲ್ಡ್ ಇನ್ನೂ ಮುಟ್ಟಲಾರದಷ್ಟು ಬಿಸಿ. ತಣಿಯುವವರೆಗೆ ಕಾಯಬೇಕು. ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳನ್ನು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ತಾನು ಇಷ್ಟು ದಿನ ಕಟ್ಟಿದ ಕಾರುಗಳಲ್ಲಿ ಒಂದನ್ನೂ ತಾನು ಓಡಿಸಿಲ್ಲ ಎನ್ನುವುದು ಅವಳಿಗೆ ಹೊಳೆದದ್ದು ಆಗ. ಓಡಿಸಲು ಬಾರದವಳಲ್ಲ. ಜನಕಪುರಿಯಿಂದ ಗ್ರೇಟರ್ ನೋಯ್ಡಾದವರೆಗೆ ದಿನಾ ಹೋಗಿ ಬಂದವಳು. ಆದರೆ ಅದು ಬೆಲ್ ಹೊಡೆಯುವ ಮೊದಲು ಕ್ಲಾಸು ಮುಟ್ಟುವ ಓಟ.

ಟೆಸ್ಟ್ ಡ್ರೈವಿಗೆ ಚಿರಂತನ ಒಪ್ಪಿಗೆ ಮೊದಲಿಂದಲೂ ಇತ್ತು. ಮಹಂತೇಶ್ ಎಷ್ಟೋ ಸಲ ಒಯ್ದಿದ್ದ. ಸರಳಾ ಬಾನೆಟ್ ಮುಚ್ಚಿದಳು. ಲ್ಯಾಪ್‌ಟಾಪ್ ಬೆಂಚಿನ ಮೇಲೆಯೇ ಉಳಿಯಿತು. ಬಲಗಡೆ ಕೂತು, ಕಾಲು ಪೆಡಲಿಗೆ ಎಟುಕುವಷ್ಟು ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡಳು. ಕನ್ನಡಿ ತಿರುಗಿಸಿಕೊಂಡಳು.

ಮಧ್ಯಾಹ್ನದ ಎಕ್ಸ್‌ಪ್ರೆಸ್‌ವೇ ಅಷ್ಟೇನೂ ತುಂಬಿರಲಿಲ್ಲ. ಮುಂದೆ ಇಟ್ಟಿಗೆ ತುಂಬಿದ ಒಂದು ಟ್ರಕ್ಕು ತೂಗಾಡುತ್ತ ಹೋಗುತ್ತಿತ್ತು. ಸರಳಾ ಪಕ್ಕಕ್ಕೆ ಬಂದು ಪೆಡಲಿನ ಮೇಲೆ ಕಾಲೂರಿದಳು.

ಒತ್ತಿ ಮುಗಿದಿರಲಿಲ್ಲ, ಕಾರು ಹೊರಟಿತ್ತು. ಟ್ರಕ್ಕು ಹಿಂದೆ ಸರಿಯಿತು. ಕಾಲು ತೆಗೆದಳು, ಕಾರು ಸುಮ್ಮನಾಯಿತು. ಮತ್ತೆ ತುಸುವೇ ಒತ್ತಿದಳು, ತುಸುವೇ ಹೋಯಿತು. ಕೇಳಿದಷ್ಟು, ಕೇಳಿದಾಗ. ಮನೆಯಲ್ಲಿ ಊಟಕ್ಕೆ ಬನ್ನಿ ಎಂದು ಕೂಗಿದರೆ ಮೂರನೆಯ ಕೂಗಿಗೆ ಒಬ್ಬರು, ಸಾರು ಆರಿದ ಮೇಲೆ ಇನ್ನೊಬ್ಬರು. ಗ್ಯಾರೇಜಿನಲ್ಲಿ ಅವಳ ಮಾತಿಗೆ ಉತ್ತರ ಬರಲು ವಾರ ಬೇಕು. ಮೊದಲ ಕರೆಗೇ ಓಗೊಡುವಂಥದ್ದು ಒಂದು ಇದೆ, ಅದನ್ನು ತಾನೇ ಮಾಡಿದ್ದೇನೆ, ಮಾಡಿ ಪಕ್ಕದ ಸೀಟಿನಲ್ಲಿ ಕೂತು ಅದರ ಗೆರೆಯನ್ನಷ್ಟೇ ನೋಡುತ್ತಿದ್ದೆ ಎಂದುಕೊಂಡಳು. ಅವಳಿಗೆ ಯಾರ ಮೇಲೆ ಸಿಟ್ಟು ಬಂತೆಂದು ಅವಳಿಗೇ ತಿಳಿಯಲಿಲ್ಲ. ಮುಂದಿನ ತಿರುವಿನಲ್ಲಿ ವಾಪಸ್ ತಿರುಗಬೇಕಿತ್ತು. ತಿರುಗದೆ ಅದರ ಮುಂದಿನ ತಿರುವಿನವರೆಗೆ ಹೋದಳು.

ಅವಳು ಮರಳಿದಾಗ ಊಟಕ್ಕೆ ಹೋದವರು ಇನ್ನೂ ಬಂದಿರಲಿಲ್ಲ. ಚಿರಂತ್ ಊಟದಿಂದ ಹಾಗೇ ಆಫೀಸಿಗೆ ಹೋದನಂತೆ. ಮಹಂತೇಶ್ ಒಬ್ಬನೇ ಬಂದು, ಕಾರಿನೊಳಗೆ ಇಣುಕಿ, "ಸೀಟು ಯಾಕೆ ಮುಂದಿದೆ?" ಎಂದು ಕೇಳಿದ.

"ಎಂಜಿನ್ ಬಿಸಿ ಮಾಡ್ಕೊಂಡು ಬಂದೆ. ನಟ್ಟು ಸುಲಭವಾಗಿ ಬರಲಿ ಅಂತ."

"ಅಚ್ಛಾ," ಎಂದು ಅವನು ಫೋನಿನ ಕಡೆ ತಿರುಗಿದ.

ವಾರದ ಕೊನೆಯಲ್ಲಿ ಚಿರಂತ್ ಕಾರು ಒಯ್ಯಲು ಬಂದಾಗ ದೊಡ್ಡ ಟರ್ಬೊ ತನ್ನ ಹಳೆಯ ಜಾಗದಲ್ಲಿತ್ತು. ಸಣ್ಣದೂ ಅದರ ಮ್ಯಾನಿಫೋಲ್ಡೂ ಬೆಂಚಿನ ಮೇಲಿದ್ದವು. ಸರಳಾ ಅವುಗಳ ಬಾಯಿಗೆ ಧೂಳು ಹೋಗದಂತೆ ತನ್ನ ಹಳೆಯ ಹತ್ತಿ ದುಪಟ್ಟಾ ಹರಿದು ಕಟ್ಟಿದ್ದಳು.

"ಇದು ನಿಮ್ಮದು. ಡಿಕ್ಕಿಗೆ ಹಾಕ್ಲಾ?" ಎಂದು ಕೇಳಿದಳು.

"ಬೇಡಪ್ಪಾ ಆಂಟಿ. ಮನೇಲಿ ಇಟ್ರೆ ಅಮ್ಮ ನನ್ನನ್ನೇ ಹೊರಗೆ ಹಾಕ್ತಾಳೆ. ನೀವೇ ಇಟ್ಕೊಳ್ಳಿ."

"ನಿಜವಾಗ್ಲೂ?"

"ಪಕ್ಕಾ. ನಿಮ್ಮದೇ ಇನ್ನು."

"ಮಳೇಲಿ ಜೋಪಾನ ಚಿರಂತ್. ಟ್ರಕ್ಕು ಹಿಂದೆ ಹಾಕೋವಾಗ ನೋಡ್ಕೊಂಡು."

"ನೀವು ಥೇಟ್ ನಮ್ಮಮ್ಮನ ಥರ ಆಂಟಿ," ಎಂದು ನಕ್ಕು ಅವನು ಹೊರಟ. ರಸ್ತೆಯ ತುದಿಯಲ್ಲಿ ಕಾರು ಒಂದು ಗಳಿಗೆ ತೂಕಡಿಸಿದಂತೆ ನಿಂತು, ಆಮೇಲೆ ಶಿಳ್ಳೆ ಹೊಡೆದು ನೆಗೆಯಿತು. ಕಿಟಕಿಯಿಂದ ಒಂದು ಹೆಬ್ಬೆರಳು ಮೇಲೆದ್ದಿತು. ಎದುರಿನ ಚಹಾ ಅಂಗಡಿಯ ಭಯ್ಯಾ, ಪಾತ್ರೆ ಹಿಡಿದುಕೊಂಡೇ, "ವಾಹ್" ಅಂದ.

"ನೋಡಿದ್ಯಾ ಖುಷೀನ?" ಅಂದ ಮಹಂತೇಶ್. "ಆ ಸಣ್ಣ ಟರ್ಬೊದ ಫೋಟೊ ತೆಗೆದು ಕಳಿಸು. ಗ್ರೂಪಲ್ಲಿ ಹಾಕಿದ್ರೆ ಯಾರಾದ್ರೂ ತಗೋತಾರೆ."

ಸಂಜೆ ಮನೆಗೆ ಹೊರಟಾಗ ಸರಳಾ ಎಂದಿನಂತೆ ತಮ್ಮ ಬೂದುಬಣ್ಣದ ಹಳೆಯ ಸೆಡಾನಿನ ಎಡಗಡೆ ಕೂತಳು. ಅದೂ ಚಿರಂತನ ಕಾರಿನ ಕಂಪನಿಯದೇ, ಎಂಜಿನ್ನೂ ಅದೇ. ಮೇಲಿನ ಹೊದಿಕೆಯಷ್ಟೇ ಸಂಸಾರಸ್ಥರದು. ದಿಲ್ಲಿಯ ನಿಯಮದಲ್ಲಿ ಡೀಸೆಲ್ ಗಾಡಿಗೆ ಹತ್ತು, ಪೆಟ್ರೋಲಿಗೆ ಹದಿನೈದು ವರ್ಷ; ಇದು ಪೆಟ್ರೋಲ್ ಗಾಡಿಯಾದ್ದರಿಂದ ಇನ್ನೂ ಕೆಲವು ವರ್ಷ ಆಯುಸ್ಸಿತ್ತು. ಸಿಗ್ನಲ್ಲಿನಲ್ಲಿ ಹಸಿರು ಬಿತ್ತು. ಮಹಂತೇಶ್ ಪೆಡಲ್ ಒತ್ತಿದ, ಕಾರು ಹೊರಡಲು ಮನಸ್ಸು ಮಾಡುವಷ್ಟರಲ್ಲಿ ಹಿಂದಿನಿಂದ ನಾಲ್ಕಾರು ಹಾರ್ನು ಕಿರುಚಿದವು.

"ಫೋಟೊ ಕಳಿಸಿದ್ಯಾ?"

ಸರಳಾ ಬಾನೆಟ್ಟಿನ ಕಡೆ ನೋಡುತ್ತಿದ್ದಳು. ಆ ಸಣ್ಣ ಟರ್ಬೊದ ಮ್ಯಾನಿಫೋಲ್ಡ್ ಇದರಲ್ಲೂ ಹಾಗೆಯೇ ಕೂರುತ್ತದೆ. ಎಣ್ಣೆಯ ಪೈಪನ್ನು ಮಾತ್ರ ಒಂದು ಗೇಣು ಉದ್ದ ಮಾಡಿಸಬೇಕು. ಮಹಂತೇಶ್ ಊಟಕ್ಕೆ ಹೋದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಎಲ್ಲ ಸಿದ್ಧ ಮಾಡಿಕೊಳ್ಳಬಹುದು.

"ಸರಳಾ, ಫೋಟೊ?"

"ಹ್ಞಾಂ," ಅಂದಳು, ಇನ್ನೊಂದು ಸಿಗ್ನಲ್ ದಾಟುವವರೆಗೆ ಅವನನ್ನು ಕಾಯಿಸಿ. "ನೋಡ್ತೀನಿ."

ಫೋಟೊ ತೆಗೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಸಣ್ಣ ಟರ್ಬೊವನ್ನು ಈ ಕಾರಿಗೆ ಕಟ್ಟಿದ ದಿನ ಇದರ ಕೀಲಿಯನ್ನು ಎಂದಿನಂತೆ ಮನೆಯ ಗೋಡೆಯ ಮೊಳೆಗೆ ತೂಗುಹಾಕುವುದಿಲ್ಲ, ತನ್ನ ಚೀಲದಲ್ಲೇ ಇಟ್ಟುಕೊಳ್ಳುತ್ತಾಳೆ. ಓರೆಗಣ್ಣಿನಲ್ಲಿ ಬಲಗಡೆಯ ಸೀಟಿನ ಬುಡವನ್ನು ನೋಡಿದಳು. ಎರಡು ಹಲ್ಲು ಮುಂದಕ್ಕೆ ಎಳೆಯಬೇಕಾಗುತ್ತದೆ. ಅಷ್ಟೆ.